ಮರಿಲಿಂಗಮ್ಮ ಎಣಿಸಿಕೊಟ್ಟ ಕೇರಿ

ನನ್ನ ಹುದ್ದೆಯ ಹೆಸರು ದತ್ತಾಂಶ ವಿಶ್ಲೇಷಕ. ಹನ್ನೊಂದು ತಿಂಗಳ ಗುತ್ತಿಗೆಯವನಿಗೆ ನೆಟ್ಟಗೆ ಪಗಾರ ಕೊಡಲಾಗದಿದ್ದರೆ ಇಂಥ ಹೆಸರನ್ನಾದರೂ ಕೊಡುತ್ತಾರೆ. ಶಹಾಪುರದ ಬಾಡಿಗೆ ಕೋಣೆಯಿಂದ ಬಸ್ಸಿನಲ್ಲಿ ಹೋಗಿ, ಶಿಕ್ಷಣ ಕಚೇರಿಯೊಂದರ ಮೂಲೆಯಲ್ಲಿ ಕೂತು, ಪ್ರತಿ ಸರ್ಕಾರಿ ಶಾಲೆಯ ಎದುರಿಗೆ ಅದರ ಓಣಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಮನೆಗಳೆಷ್ಟು, ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳೆಷ್ಟು, ಅವರಲ್ಲಿ ಶಾಲೆಗೆ ಬರುವವರೆಷ್ಟು. ಯಾವ ಕಚೇರಿ ಎಂದು ಹೇಳುವುದಿಲ್ಲ. ಗುತ್ತಿಗೆ ಮುಗಿಯಲು ಇನ್ನೂ ನಾಲ್ಕು ತಿಂಗಳಿವೆ.

ಮರಿಲಿಂಗಮ್ಮ ಆ ಮೂಲೆಗೇ ಹುಡುಕಿಕೊಂಡು ಬಂದಳು. ಕೆಂಭಾವಿಯ ಆಚೆ ಕಾಲುವೆ ದಂಡೆಯ ಊರಿನವಳು. ಅಲ್ಲಿನ ಕೇರಿಯ ಎರಡು ಕೋಣೆಯ ಶಾಲೆಯಲ್ಲಿ ಹದಿನೈದು ವರ್ಷದಿಂದ ಬಿಸಿಯೂಟ ಮಾಡುತ್ತಿದ್ದಳು. ಹುಡುಗಿಯಾಗಿದ್ದಾಗ ಆ ಕಾಲುವೆಗೆ ಮಣ್ಣು ಹೊತ್ತವಳು. ಕಾಲುವೆ ತುಂಬಿದ ಮೇಲೆ ಆಚೆ ದಂಡೆಯ ಹೊಲಗಳಿಗೆ ನೀರು ಬಂತು, ಈಚೆ ದಂಡೆಯ ಕೇರಿಗೆ ಕೂಲಿ ಬಂತು. ಶಾಲೆ ಬಂದದ್ದು ಎಲ್ಲಕ್ಕಿಂತ ತಡವಾಗಿ. ಅದಕ್ಕೂ ಮೊದಲು ಕೇರಿಯ ಮಕ್ಕಳು ಸೇತುವೆ ದಾಟಿ ಊರೊಳಗಿನ ದೊಡ್ಡ ಶಾಲೆಗೆ ಹೋಗಬೇಕಿತ್ತು. ಅವಳ ಮಗ ಹಣಮಂತ್ರಾಯನನ್ನು ಅಲ್ಲಿ ಬಾಗಿಲ ಹೊರಗೆ ಕೂರಿಸುತ್ತಿದ್ದರು. ಮೂರನೆಯ ಇಯತ್ತೆಯಲ್ಲಿ, ಜೋರು ಮಳೆ ಬಂದ ದಿನ ಎದ್ದು ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಈಗ ಹೆಂಡತಿಯೊಂದಿಗೆ ಪುಣೆಯಲ್ಲಿ ಗಾರೆ ಕೆಲಸ. ಮೊಮ್ಮಕ್ಕಳು ಇವಳ ಹತ್ತಿರ.

ಈ ವರ್ಷ ಸುತ್ತೋಲೆ ಬಂದಿತ್ತು: ಓಣಿಯಲ್ಲಿ ಮೂವತ್ತು ಮಕ್ಕಳಿಲ್ಲದಿದ್ದರೆ ಆ ಶಾಲೆಯನ್ನು ಹತ್ತಿರದ ಶಾಲೆಗೆ ಸೇರಿಸಬೇಕು. ನನ್ನ ಹಾಳೆಯಲ್ಲಿ ಅವಳ ಕೇರಿಯ ಮಕ್ಕಳು ಇಪ್ಪತ್ತೇಳು, ಶಾಲೆಯಲ್ಲಿ ಇಪ್ಪತ್ತೆರಡು.

"ನಮ್ ಕೇರ್ಯಾಗ ಮೂವತ್ತ ಹುಡುಗ್ರಿಲ್ಲಂತ ಯಾರ ಹೇಳ್ಯಾರ ನಿನಗ?" ಎಂದು ಕೇಳಿದಳು.

"ನೀವ ಹೇಳೀರಿ ಯವ್ವಾ. ಮನಿ ಮನಿಗೆ ಕೇಳಿ ಬರದದ್ದದು."

ಹಾಗಾದರೆ ಇನ್ನೊಮ್ಮೆ ಬಾ, ನಾನೇ ಕರೆದುಕೊಂಡು ತಿರುಗುತ್ತೇನೆ ಎಂದಳು. ಕಚೇರಿಯಲ್ಲಿ ಒಬ್ಬರು ಬಂದು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ದೊಡ್ಡ ಮನುಷ್ಯನಂತೆ ಒಪ್ಪಿದೆ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಹೋದೆ. ಮೊದಲ ಮನೆ ಹಂಪಮ್ಮನದು. ಎರಡು ಮಕ್ಕಳು ಎಂದಳು. ಒಳಗಿನ ಹಗ್ಗದ ಮೇಲೆ ನಾಲ್ಕು ಅಳತೆಯ ಅಂಗಿ ಒಣಗುತ್ತಿದ್ದವು. ಎಣಿಸಿ ಹೇಳಿದ ಮಕ್ಕಳಿಗೆ ದೃಷ್ಟಿ ಆಗುತ್ತದೆಂದು ಅಲ್ಲಿ ಯಾವ ತಾಯಿಯೂ ಹೊರಗಿನವರಿಗೆ ಪೂರಾ ಸಂಖ್ಯೆ ಹೇಳುವುದಿಲ್ಲ. ಜೊತೆಗೆ ಇನ್ನೊಂದು ಹೆದರಿಕೆ. ನಸುಕಿನಲ್ಲೇ ಟಂಟಂ ಆಟೋ ಬಂದು ದೊಡ್ಡ ಹುಡುಗಿಯರನ್ನು ಬೀಜದ ಹತ್ತಿಯ ಹೊಲಗಳಿಗೆ ಒಯ್ಯುತ್ತದೆ. ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸುವ ಆ ಕೆಲಸಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಸಣ್ಣ ಬೆರಳುಗಳೇ ಬೇಕಂತೆ, ಪರಾಗ ಹತ್ತಿ ಅವುಗಳ ತುದಿ ಹಳದಿಯಾಗುತ್ತದೆ. ಅವರ ಹೆಸರು ಬರೆಸಿದರೆ ಕಾರ್ಮಿಕ ಇಲಾಖೆಯವರು ಬರುತ್ತಾರೆ.

ಮರಿಲಿಂಗಮ್ಮ ಕಟ್ಟೆಯ ಮೇಲೆ ಕೂತಳು.

"ಮೊದಲ ನಂದ ಬರಕೋ ತಮ್ಮಾ. ಹ್ವಾದ ಸರ್ತಿ ಒಬ್ಬನ ಮೊಮ್ಮಗ ಅಂದಿದ್ದೆ. ಸುಂದ್ರಮ್ಮ ಅಂತ ಇನ್ನೊಬ್ಬಾಕಿ ಅದಾಳ. ಹನ್ನೆರಡು ನಡದಾವ. ಕ್ರಾಸಿಂಗಿಗಿ ಹೋಗ್ಯಾಳ."

ಹಂಪಮ್ಮ ಅವಳನ್ನೇ ನೋಡಿದಳು. "ನಾಕ ಅಂತ ಬರಸಿದ್ರ ನಾಕೂ ಉಳೀತಾವೇನ ಯಕ್ಕಾ?"

"ಸಾಲಿ ಉಳದ್ರ ಉಳೀತಾವ."

ಹಂಪಮ್ಮ ನಾಲ್ಕು ಎಂದಳು. ಆಮೇಲೆ ಪಕ್ಕದ ಮನೆ, ಅದರಾಚೆಯ ಮನೆ. ಮರಿಲಿಂಗಮ್ಮ ಪ್ರತಿ ಬಾಗಿಲಲ್ಲೂ ಮೊದಲು ಸುಂದ್ರಮ್ಮನ ಹೆಸರು ಹೇಳಿದಳು. ತಾಯಂದಿರನ್ನು ಕರೆದು ಹೆಬ್ಬೆಟ್ಟು ಒತ್ತಿಸಿದಳು. ಹೊತ್ತು ಮುಳುಗುವುದರೊಳಗೆ ಐವತ್ತೆಂಟು ಮಕ್ಕಳಾದರು. ಅವಳು ನನಗೆ ಚಹಾ ಕೊಟ್ಟಳು. ಒಂದು ಶಾಲೆ ಉಳಿಸಿದ ಗತ್ತಿನಲ್ಲಿ ಕುಡಿದೆ.

ಇಲ್ಲಿ ನನ್ನ ಬುದ್ಧಿವಂತಿಕೆಯ ಬಗ್ಗೆ ಹೇಳಬೇಕು. ಅದಕ್ಕೂ ಎರಡು ತಿಂಗಳ ಹಿಂದೆ, ಗುತ್ತಿಗೆ ಮುಂದುವರಿಯಲಿ ಎಂಬ ಆಸೆಯಿಂದ, ಯಾರೂ ಕೇಳದಿದ್ದರೂ ಹಾಳೆಗೆ ಒಂದು ಹೊಸ ಕಾಲಂ ಸೇರಿಸಿದ್ದೆ. ಓಣಿಯ ನೂರು ಮಕ್ಕಳಲ್ಲಿ ಶಾಲೆಗೆ ಬರುವವರೆಷ್ಟು ಎಂದು ಅದು ತಾನೇ ಲೆಕ್ಕ ಹಾಕುತ್ತದೆ. ನಲವತ್ತಕ್ಕಿಂತ ಕಡಿಮೆಯಾದರೆ ಕೆಂಪಾಗುತ್ತದೆ. ನಮ್ಮ ಅಯ್ಯಣ್ಣ ಸಾಹೇಬರಿಗೆ ಅದು ಹಿಡಿಸಿ, ಮೇಲಿನವರಿಗೂ ತೋರಿಸಿದ್ದರು. ಕೆಂಪಾದ ಶಾಲೆಗಳನ್ನೂ ಮುಚ್ಚಿ ಸೇರಿಸಬಹುದೆಂದು ಮೇಲಿನಿಂದ ಒಪ್ಪಿಗೆ ಬಂದಿತ್ತು.

ಇಪ್ಪತ್ತೇಳು ಅಳಿಸಿ ಐವತ್ತೆಂಟು ಒತ್ತಿದೆ. ಶಾಲೆಗೆ ಬರುವವರು ಅದೇ ಇಪ್ಪತ್ತೆರಡು, ನೂರಕ್ಕೆ ಮೂವತ್ತೆಂಟು. ಸಾಲು ಕೆಂಪಾಯಿತು.

ಹುಡುಗಿಯರು ಹತ್ತಿಯಲ್ಲಿದ್ದಾರೆ, ಜನವರಿಯಲ್ಲಿ ಎಣಿಸೋಣ ಎಂದು ಬೇಡಿಕೊಂಡೆ. ಎಲ್ಲಿದ್ದಾರೆ ಎಂಬುದಕ್ಕೆ ಕಾಲಂ ಇದೆಯೇ ಎಂದು ಅಯ್ಯಣ್ಣ ಸಾಹೇಬರು ಕೇಳಿದರು. ಇರಲಿಲ್ಲ, ಹಾಳೆ ನನ್ನದೇ. "ಚಲೋ ಮಾಡೀದಿ. ಈ ಸಾಲಿಗಿ ಕೇರಿ ಮಕ್ಕಳನ್ನ ಹಿಡಕೊಳ್ಳಾಕ ಆಗಂಗಿಲ್ಲ ಅನ್ನೂದು ಈಗ ಗೊತ್ತಾತು" ಎಂದು ಬೆನ್ನು ತಟ್ಟಿದರು. ಆ ದಿನ ಕೂತು ಲೆಕ್ಕ ಹಾಕಿದೆ. ಮೂವತ್ತರಿಂದ ಐವತ್ತೈದರವರೆಗೆ ಯಾವ ಸುಳ್ಳು ಬರೆದಿದ್ದರೂ ಶಾಲೆ ಉಳಿಯುತ್ತಿತ್ತು.

ಆದೇಶ ಬಂದ ವಾರ ಹೇಳಲು ಹೋದೆ. ಮರಿಲಿಂಗಮ್ಮ ಶಾಲೆಯ ಹಿಂದೆ ಬೂದಿ ಹಾಕಿ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ದೊಡ್ಡ ಶಾಲೆಯಲ್ಲಿ ಅವಳ ಕೈ ಅಡುಗೆ ಉಣ್ಣುವವರಿಲ್ಲ. ಅದನ್ನು ಅವಳಿಗೆ ನಾನು ಹೇಳಬೇಕಿರಲಿಲ್ಲ.

"ಸುಂದ್ರೀನ್ನ ಬರಸಿದ್ದಕ್ಕ ಮುಚ್ಚಿದ್ರೇನು?"

ಒಬ್ಬಳಿಂದ ಏನೂ ಆಗುವುದಿಲ್ಲ, ಎಲ್ಲರೂ ಸೇರಿ ಹಾಗಾಯಿತು ಎಂದೆ. ಸಮಾಧಾನ ಹೇಳುವುದರಲ್ಲೂ ನಾನು ವಿಶ್ಲೇಷಕನೇ.

"ಎಲ್ಲಾರ್ನೂ ನಾನ ಬರಸೀನಲ್ಲ," ಎಂದಳು. ಪಾತ್ರೆ ಮಗುಚಿಟ್ಟು ಕೇಳಿದಳು, "ಅಳಸಾಕ ಬರತದೇನು?"

ಹೆಬ್ಬೆಟ್ಟುಗಳಿವೆಯಲ್ಲ ಎಂದೆ.

ಇಪ್ಪತ್ತೆರಡು ಮಕ್ಕಳಲ್ಲಿ ಒಂಬತ್ತು ಮಕ್ಕಳು ಸೇತುವೆ ದಾಟಿ ಹೋಗುತ್ತಿದ್ದಾರೆ. ಮರಿಲಿಂಗಮ್ಮನ ಮೊಮ್ಮಗ ಅವರಲ್ಲಿಲ್ಲ. ಮುಚ್ಚಿದ ಶಾಲೆಯ ಸಾಲನ್ನು ಹಾಳೆಯಿಂದ ತೆಗೆದ ಮೇಲೆ ತಾಲ್ಲೂಕಿನ ಸರಾಸರಿ ಏರಿತು. ಕಚೇರಿಯಲ್ಲಿ ಪೇಢಾ ಹಂಚಿದರು. ನಾನೂ ತಿಂದೆ.

ಹೋದ ವಾರ ಬೇರೊಂದು ಶಾಲೆಯ ಲೆಕ್ಕಕ್ಕೆ ಆ ಕಡೆ ಹೋಗಿದ್ದೆ. ಸಂಜೆ ಬಸ್ಸು ತಪ್ಪಿ ರಸ್ತೆಯಲ್ಲಿ ನಿಂತಿದ್ದಾಗ ಒಂದು ಟಂಟಂ ನಿಂತಿತು. ಹಿಂದೆ ಹತ್ತಿಯಿಂದ ಮರಳುವ ಹುಡುಗಿಯರು, ನಡುವೆ ಮರಿಲಿಂಗಮ್ಮ. ತೊಡೆಗೆ ಒರಗಿ ಮೊಮ್ಮಗ ನಿದ್ದೆ ಹೋಗಿದ್ದ. ಅವನ ಬೆರಳ ತುದಿಗಳೂ ಹಳದಿ.

"ಸರದು ಕುಂದರ್ರಿ," ಎಂದಳು ಹುಡುಗಿಯರಿಗೆ. "ಸಾಹೇಬ ಬರತಾನ."

ಅವರು ಸರಿದರು. ನಾನು ಹತ್ತಿದೆ, ಬೇರೆ ಗಾಡಿ ಇರಲಿಲ್ಲ.