ಪೆನ್ಸಿಲಕ್ಕ ಸೇರಿಸಿದ ಮೂರು ಪದ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಸಂಬಳದ ಚೀಟಿಯಲ್ಲಿ ತಿಂಗಳಿಗೊಮ್ಮೆ ಅಚ್ಚಾಗುತ್ತಲೂ ಇತ್ತು. ಆದರೆ ಎಂಟು ಕಾಲೇಜಿನ ಹಾಕಿ ಹುಡುಗಿಯರಿಗೆ ಅವಳು ಪೆನ್ಸಿಲಕ್ಕ. ವಿಶ್ವವಿದ್ಯಾಲಯದ ಕ್ರೀಡಾ ಕಚೇರಿಯಲ್ಲಿ, ಮೆಟ್ಟಿಲ ಕೆಳಗಿನ ಇಳಿಜಾರು ಸೂರಿನ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ. ಯಾರು ಯಾರ ಜೊತೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ಮೈದಾನದಲ್ಲಿ ಆಡಬೇಕು ಅಂತ ಪಟ್ಟಿ ಬರೆಯುವುದು. ಅದನ್ನು ಪೆನ್ನಿನಲ್ಲಿ ಬರೆದದ್ದೇ ಇಲ್ಲ. ಬೆಳಿಗ್ಗೆ ಬರೆದದ್ದು ಸಂಜೆಯೊಳಗೆ ಬದಲಾಗುತ್ತಿತ್ತು. ರಬ್ಬರಿಗೆ ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದಳು, ಯಾರೂ ಎತ್ತಿಕೊಂಡು ಹೋಗದಿರಲಿ ಅಂತ. ಉಜ್ಜಿ ಉಜ್ಜಿ ಉದುರಿದ ರಬ್ಬರಿನ ಪುಡಿಯನ್ನು ಕಸ ಗುಡಿಸುವವಳು ಮೊರಕ್ಕೆ ಎಳೆದುಕೊಳ್ಳುತ್ತ, "ಅಕ್ಕಾ, ಇವತ್ತು ಹಿಟ್ಟು ಜಾಸ್ತಿ ಬೀಸಿದ್ದೀರಿ" ಅನ್ನುತ್ತಿದ್ದಳು.

ಗಂಡಸರ ಪಟ್ಟಿ ಮೊದಲು ಸಿದ್ಧವಾಗಬೇಕು. ಅವರಿಗೆ ಶನಿವಾರ ಭಾನುವಾರದ ಸಂಜೆಗಳು. ಹೆಣ್ಣುಮಕ್ಕಳಿಗೆ ಉಳಿದದ್ದು, ಅಂದರೆ ವಾರದ ನಡುವಿನ ಬೆಳಗಿನ ಆರೂವರೆ. ಅದರ ಮೇಲೆ ಕೊರೊನಾ ಬಂತು. ಒಂದು ವರ್ಷ ಆಟವೇ ಇಲ್ಲ. ಮರುವರ್ಷ ಕಾಲೇಜುಗಳು ಅರೆಬರೆ ತೆರೆದಾಗ, ನಾಲ್ಕು ಮೈದಾನದಲ್ಲಿ ಮೂರು ಗಂಡಸರಿಗೆ ಸಿಕ್ಕಿತು, ಹೆಂಗಸರಿಗೆ ಒಂದೇ ಒಂದು. ಪೆನ್ಸಿಲಕ್ಕ ಆ ವರ್ಷ ನಾಲ್ಕು ಡಜನ್ ಪೆನ್ಸಿಲ್ ಮುಗಿಸಿದಳು. ಒಂದು ಹಾಸ್ಟೆಲ್ ಮುಚ್ಚಿತು ಅಂತ ಉಜ್ಜಿದಳು, ತೆರೆಯಿತು ಅಂತ ಬರೆದಳು, ಮತ್ತೆ ಮುಚ್ಚಿತು ಅಂತ ಮತ್ತೆ ಉಜ್ಜಿದಳು. ಕಾಗದ ಹರಿದು ಕೆಳಗಿನ ಮೇಜು ಕಾಣತೊಡಗಿತು.

ಅಂಥದೊಂದು ದಿನ ಫೋನ್ ಬಂತು. ಶಿಕ್ಷಕಿಯರ ತರಬೇತಿ ಕಾಲೇಜಿನ ಗೋಲ್‌ಕೀಪರ್ ಹುಡುಗಿ. ಕೊನೇ ವರ್ಷದವಳು, ತಂಡದ ಬೆನ್ನೆಲುಬು.

"ಅಕ್ಕಾ, ನಂಗೆ ನಿನ್ನೆ ರಾತ್ರಿಯಿಂದ ಜ್ವರ. ರುಚಿನೂ ಗೊತ್ತಾಗ್ತಿಲ್ಲ. ಹೇಳ್ಬೇಡ ಅಂತಿದಾರೆ ಎಲ್ರೂ. ಗುಳಿಗೆ ನುಂಗಿ ಆಡು ಅಂತಾರೆ. ಏನು ಮಾಡ್ಲಿ?"

"ಏನು ಮಾಡ್ಲಿ ಅಂತ ಕೇಳ್ತೀಯಲ್ಲೇ! ಹೇಳಿದ್ದು ಒಳ್ಳೇದಾಯ್ತು. ರೂಮಲ್ಲೇ ಬಿದ್ಕೋ. ನಿಂಗೂ ನಿನ್ನ ತಂಡಕ್ಕೂ ಏನೂ ನಷ್ಟ ಆಗಲ್ಲ, ನಾನಿದೀನಿ."

ನಾನಿದೀನಿ ಅಂದುಬಿಟ್ಟಳು. ಅವಳಿಗೆ ಆ ಕ್ಷಣ ನೆನಪಾಗದ ಒಂದು ಸಂಗತಿ ಹಸಿರು ರಟ್ಟಿನ ನಿಯಮದ ಪುಸ್ತಕದಲ್ಲಿ ಕೂತಿತ್ತು.

ತರಬೇತಿ ಕಾಲೇಜಿನ ಹುಡುಗಿಯರೆಲ್ಲ ಎರಡು ವಾರ ಕೋಣೆ ಸೇರಿದರು. ಆ ಎರಡು ವಾರದಲ್ಲಿ ಅವರ ಒಂದು ಪಂದ್ಯ ಬಿತ್ತು, ಎಂಜಿನಿಯರಿಂಗ್ ಕಾಲೇಜಿನ ಮೇಲೆ. ಇದ್ದದ್ದು ಒಂದೇ ಮೈದಾನ, ಪಂದ್ಯ ಮುಂದೂಡಲು ಖಾಲಿ ದಿನವೇ ಸಿಗಲಿಲ್ಲ. ಅಂಕ ಬೇಕಾದರೆ ಬರಲೇಬೇಕು ಅಂತ ಎಂಜಿನಿಯರಿಂಗ್ ಹುಡುಗಿಯರು ಬಂದು ಖಾಲಿ ಗೋಲಿನ ಮುಂದೆ ನಿಂತರು. ಅಂಪೈರ್ ಹದಿನೈದು ನಿಮಿಷ ಕಾದು ಸೀಟಿ ಊದಿದರು. ಮೂರು ಅಂಕ ಎಂಜಿನಿಯರಿಂಗ್‌ಗೆ.

ಋತು ಮುಗಿಯುತ್ತ ಬಂದಾಗ ಲೆಕ್ಕ ಹೀಗಾಯಿತು. ಫೈನಲ್‌ಗೆ ಹೋಗುವುದು ಎರಡೇ ತಂಡ. ಮೆಡಿಕಲ್ ಕಾಲೇಜು ಮೊದಲನೆಯದು, ಅದರಲ್ಲಿ ತಕರಾರಿಲ್ಲ. ಎರಡನೆಯದು ಹದಿನಾರು ಅಂಕದ ಎಂಜಿನಿಯರಿಂಗ್. ತರಬೇತಿ ಕಾಲೇಜಿನದು ಹದಿನಾಲ್ಕು. ಎಂಜಿನಿಯರಿಂಗ್‌ನ ಹದಿನಾರರಲ್ಲಿ ಮೂರು, ಖಾಲಿ ಗೋಲಿನ ಮುಂದೆ ನಿಂತದ್ದಕ್ಕೆ ಬಂದದ್ದು.

ಗೋಲ್‌ಕೀಪರ್ ಮತ್ತೆ ಫೋನ್ ಮಾಡಿದಳು. ಅಳಲಿಲ್ಲ, ಬೈಯಲೂ ಇಲ್ಲ. "ಅಕ್ಕಾ, ನಮ್ಮ ತಂಡದೋರು ನಂಗೆ ಈಗ 'ಸತ್ಯವಂತಮ್ಮ' ಅಂತ ಹೆಸರಿಟ್ಟಿದಾರೆ. ಊಟಕ್ಕೆ ಕೂತ್ರೆ, ಸತ್ಯವಂತಮ್ಮಂಗೆ ಉಪ್ಪು ಕೊಡ್ರೇ ಅಂತಾರೆ. ನೀವು ನಷ್ಟ ಆಗಲ್ಲ ಅಂದಿದ್ರಿ."

ಪೆನ್ಸಿಲಕ್ಕ ಫೋನಿಟ್ಟು ನಿಯಮದ ಪುಸ್ತಕ ತೆಗೆದಳು. "ನಿಗದಿತ ಸಮಯಕ್ಕೆ ಮೈದಾನಕ್ಕೆ ಬಾರದ ತಂಡವು ಆ ಪಂದ್ಯದ ಮೂರು ಅಂಕಗಳನ್ನು ಎದುರಾಳಿಗೆ ಬಿಟ್ಟುಕೊಡತಕ್ಕದ್ದು, ಕಾರಣ ಏನೇ ಇರಲಿ."

ಆ ಕೊನೆಯ ಮೂರು ಪದ ಅವಳದೇ. ಹದಿನೆಂಟು ವರ್ಷದ ಹಿಂದೆ ಸಭೆಯಲ್ಲಿ ಜಗಳವಾಡಿ ಸೇರಿಸಿದ್ದು. ಆಗ ತಂಡಗಳು ಮನಸ್ಸು ಬಂದರೆ ಬರುತ್ತಿದ್ದವು, ಇಲ್ಲದಿದ್ದರೆ ಜ್ವರ ಅನ್ನುತ್ತಿದ್ದವು. ಒಬ್ಬಳು ಆಟಗಾರ್ತಿಯ ಅಜ್ಜಿಯಂತೂ ಒಂದೇ ಋತುವಿನಲ್ಲಿ ಮೂರು ಸಲ ತೀರಿಕೊಂಡಿದ್ದರು. ಎರಡು ಸಲ ಪೆನ್ಸಿಲಕ್ಕ ಕಣ್ಣೀರು ಹಾಕಿ ಪಂದ್ಯ ಮುಂದೂಡಿದ್ದಳು. ಮೂರನೇ ಸಲ ಹಠ ಹಿಡಿದು ಆ ಮೂರು ಪದ ಬರೆಸಿದ್ದಳು.

ಅವಳ ಗಂಡ ದರ್ಜಿ. ಆ ದಿನಗಳಲ್ಲಿ ಮನೆ ತುಂಬ ಮಾಸ್ಕಿನ ತುಂಡುಗಳು. ಇವಳು ಬಂದವಳೇ ಚೀಲ ಎಸೆದಳು.

"ಏನಾಯ್ತೇ?"

"ನನ್ನ ತಲೆ ಆಯ್ತು. ಸುಳ್ಳು ಹೇಳೋರಿಗೆ ಅಂತ ನಾನು ಮಾಡಿದ ನಿಯಮ, ನಿಜ ಹೇಳಿದೋಳ ಕುತ್ತಿಗೆಗೆ ಬಂತು ನೋಡಿ."

"ನಿಯಮ ತಾನೇ? ಬಿಚ್ಚಿ ಹೊಲಿ."

"ಅದೇನು ಲಂಗಾನೇನ್ರೀ? ಹೊಲಿದು ಹದಿನೆಂಟು ವರ್ಷ ಆಯ್ತು!"

"ಹದಿನೆಂಟು ವರ್ಷದಲ್ಲಿ ನನ್ನ ಹತ್ರ ಹೊಲಿಸಿಕೊಂಡೋರ ಸೊಂಟ ಎಷ್ಟು ಬದಲಾಗಿದೆ ಗೊತ್ತಾ ನಿಂಗೆ?" ಅಂದು ಅವನು ಮತ್ತೆ ಯಂತ್ರ ತುಳಿಯತೊಡಗಿದ.

ಸೋಮವಾರ ಕ್ರೀಡಾ ಸಮಿತಿಯ ಸಭೆ. ಕಿಟಕಿಗಳೆಲ್ಲ ತೆರೆದು, ಕುರ್ಚಿಗಳನ್ನು ದೂರ ದೂರ ಹಾಕಿದ್ದರು, ಹಾಗಾಗಿ ಎಲ್ಲರೂ ಕಿರುಚಿಯೇ ಮಾತಾಡಬೇಕಿತ್ತು. ಸಮಿತಿಯ ಕಾರ್ಯದರ್ಶಿಗಳು ಅಂಕಪಟ್ಟಿಗೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು.

"ಸರ್, ಸಹಿ ಹಾಕ್ಬೇಡಿ. ಒಂದು ಪಂದ್ಯ ಬಾಕಿ ಇದೆ."

"ಬಾಕಿ ಎಲ್ಲಿದೆ ಅಕ್ಕಾ? ಅಂಕ ಕೊಟ್ಟಾಗಿದೆ. ಕಾರಣ ಏನೇ ಇರಲಿ ಅಂತ ನಿಯಮದಲ್ಲೇ ಇದೆಯಲ್ಲ. ಬರೆದೋರು ಯಾರು?"

"ನಾನೇ ಸರ್. ನಾನೇ ದಡ್ಡಿ ಅಂತ ಬರ್ಕೊಳ್ಳಿ, ಆದ್ರೆ ಆ ಪಂದ್ಯ ಆಡ್ಸಿ."

ಎಂಜಿನಿಯರಿಂಗ್ ಕಾಲೇಜಿನ ಕೋಚ್ ಎದ್ದರು. ಒಳ್ಳೆಯ ಮನುಷ್ಯ, ಆದರೆ ಗಂಟಲು ದೊಡ್ಡದು. "ನಮ್ಮ ಹುಡುಗೀರು ಎರಡು ಗಂಟೆ ಬಸ್ಸಲ್ಲಿ ಬಂದ್ರು ಅಕ್ಕಾ. ಬೆಳಗಿನ ನಾಲ್ಕಕ್ಕೆ ಎದ್ದು. ಕಾಲಿಗೆ ಪ್ಯಾಡ್ ಕಟ್ಕೊಂಡು ಖಾಲಿ ಮೈದಾನ ನೋಡಿ ವಾಪಸ್ ಹೋದ್ರು. ಅವರೇನು ತಪ್ಪು ಮಾಡಿದ್ರು? ಅವರಿಗೆ ನ್ಯಾಯ ಬೇಡ್ವಾ?"

ಅವರ ಮಾತು ಸರಿಯಾಗಿತ್ತು. ಅದೇ ಪೆನ್ಸಿಲಕ್ಕನಿಗೆ ಹೆಚ್ಚು ಸಿಟ್ಟು ತಂದದ್ದು. ಎರಡೂ ಕಡೆ ಸರಿಯಿದ್ದರೆ ಬೈಯುವುದು ಯಾರನ್ನ? ಕೊನೆಗೆ ಅವಳು ಕೈಯಲ್ಲಿದ್ದ ಪಟ್ಟಿ ಬಿಡಿಸಿದಳು.

"ಸರ್, ಎಂಟು ಕಾಲೇಜು. ನೂರಕ್ಕೂ ಹೆಚ್ಚು ಹುಡುಗೀರು. ಇಡೀ ಋತುವಲ್ಲಿ ನಂಗೆ ಜ್ವರ ಅಂತ ಫೋನ್ ಮಾಡಿದ್ದು ಒಬ್ಬಳೇ. ಉಳಿದೋರೆಲ್ಲ ಏನು ಕಬ್ಬಿಣದಲ್ಲಿ ಮಾಡಿದೋರಾ? ಮೂರನೇ ವಾರ ನಿಮ್ಮ ಎಡಗಡೆ ಆಡೋ ಹುಡುಗಿ ಅಷ್ಟೊಂದು ಕೆಮ್ಮಿದ್ಳಲ್ಲ, ಯಾಕೆ?"

"ಅದು... ಧೂಳು."

"ನೀರು ಬಿಟ್ಟ ಟರ್ಫಲ್ಲಿ ಧೂಳು ಎಲ್ಲಿಂದ ಬಂತು ಸರ್? ಬೂಟಲ್ಲಿ ನೀರು ಪಚಪಚ ಅಂತಿತ್ತು ಅವತ್ತು!"

ಮಾಸ್ಕಿನ ಒಳಗೇ ಯಾರೋ ನಕ್ಕರು. ಕೋಚ್ ಕೂತರು.

"ನಾನು ಅವಳನ್ನ ಬೈತಿಲ್ಲ," ಅಂದಳು ಪೆನ್ಸಿಲಕ್ಕ, ಈಗ ದನಿ ತಗ್ಗಿಸಿ. "ಹೇಳಿದ್ರೆ ಮೂರು ಅಂಕ ಹೋಗುತ್ತೆ ಅಂದ್ರೆ ಯಾರು ಹೇಳ್ತಾರೆ? ಮುಚ್ಚಿಡೋದನ್ನ ಕಲಿಸಿದ್ದು ನನ್ನ ಮೂರು ಪದ. ನಿಮ್ಮ ಬಸ್ಸಿನ ಮಾತೂ ಸರೀನೇ. ಅದಕ್ಕೇ, ಈ ಸಲ ನೀವು ಬರ್ಬೇಡಿ. ನಾಲ್ಕಕ್ಕೆ ಎದ್ದು ಅವರೇ ನಿಮ್ಮಲ್ಲಿಗೆ ಬರ್ಲಿ, ನಿಮ್ಮ ಕಾಲೇಜಿನ ಮೈದಾನದಲ್ಲೇ ಆಡ್ಲಿ."

ತಮ್ಮದೇ ಮೈದಾನ ಅಂದದ್ದಕ್ಕೆ ಕೋಚ್ ಸ್ವಲ್ಪ ಕರಗಿದರು. ಕಾರ್ಯದರ್ಶಿಗಳು ಇನ್ನೊಂದು ಗಂಟೆ ಗೊಣಗಿದರು. ಕೊನೆಗೆ ಎಲ್ಲರಿಗೂ ಹಸಿವಾಯಿತು, ಒಪ್ಪಿದರು. "ಕಾರಣ ಏನೇ ಇರಲಿ" ಎಂಬುದರ ಮೇಲೆ ಕಾರ್ಯದರ್ಶಿಗಳು ಗೆರೆ ಎಳೆದು, "ಮೊದಲೇ ತಿಳಿಸಿದ ಕಾಯಿಲೆಯ ಹೊರತು" ಎಂದು ಬರೆದರು. ಆ ಮೂರು ಅಂಕ ರದ್ದಾಯಿತು, ಎಂಜಿನಿಯರಿಂಗ್ ಹದಿಮೂರಕ್ಕೆ ಇಳಿಯಿತು. ಪಂದ್ಯ ಗುರುವಾರ ಬೆಳಿಗ್ಗೆ ಏಳಕ್ಕೆ. ಡ್ರಾ ಆದರೂ ಸಾಕು, ತರಬೇತಿ ಕಾಲೇಜು ಫೈನಲ್‌ಗೆ.

ಬುಧವಾರ ಸಂಜೆ ಐದಕ್ಕೆ ಪೆನ್ಸಿಲಕ್ಕ ಕೋಣೆಗೆ ಬೀಗ ಹಾಕುತ್ತಿದ್ದಳು. ಒಳಗೆ ಫೋನ್ ಬಡಿದುಕೊಂಡಿತು, ಮತ್ತೆ ಒಳಗೆ ಹೋಗಿ ಕೂತು ಎತ್ತಿದಳು. ಕೋಚ್.

"ಅಕ್ಕಾ, ಬೈಬೇಡಿ. ನಮ್ಮ ಎಡಗಡೆ ಹುಡುಗಿ ಈಗ ಬಂದು ಹೇಳಿದ್ಳು. ಜ್ವರ ಇದೆಯಂತೆ. ಅವಳೇ ಬಂದು ಹೇಳಿದ್ಳು ಅಕ್ಕಾ, ನಾನು ಕೇಳೇ ಇರ್ಲಿಲ್ಲ."

ಪೆನ್ಸಿಲಕ್ಕ ಎದ್ದು ನಿಂತೇಬಿಟ್ಟಳು. ಎದ್ದ ರಭಸಕ್ಕೆ ಸೂರು ತಲೆಗೆ ಬಡಿಯಿತು. ನಗಬೇಕೋ ಅಳಬೇಕೋ ತಿಳಿಯದೆ, "ಹೇಳಿದ್ದು ಒಳ್ಳೇದಾಯ್ತು ಅಂತ ಹೇಳಿ ಅವಳಿಗೆ," ಅಂದಳು. ಆಮೇಲೆ ಫೋನಿಟ್ಟು, ತಲೆ ಉಜ್ಜಿಕೊಳ್ಳುತ್ತ, ದಾರ ಎಳೆದು ರಬ್ಬರು ತೆಗೆದು, ಗುರುವಾರವನ್ನು ಉಜ್ಜಿದಳು. ಗೋಲ್‌ಕೀಪರ್‌ಗೆ ಫೋನ್ ಮಾಡಿದಳು.

"ಅಕ್ಕಾ, ಮತ್ತೆ ಮುಂದಕ್ಕಾ? ನಂಗೆ ಇಪ್ಪತ್ತೆಂಟಕ್ಕೆ ಪರೀಕ್ಷೆ!"

"ಇಪ್ಪತ್ತಾರಕ್ಕೆ ಹಾಕಿದೀನಿ. ಅಷ್ಟರೊಳಗೆ ಇನ್ಯಾರಾದ್ರೂ ಕೆಮ್ಮಿದ್ರೆ ನಾನೇ ಬಂದು ಗೋಲಲ್ಲಿ ನಿಲ್ತೀನಿ."

ಇಪ್ಪತ್ತಾರಕ್ಕೆ ಯಾರೂ ಕೆಮ್ಮಲಿಲ್ಲ. ಬೆಳಿಗ್ಗೆ ಎಂಟೂಮುಕ್ಕಾಲಿಗೆ, ಪೆನ್ಸಿಲಕ್ಕ ಇನ್ನೂ ಚೀಲ ಇಳಿಸಿರಲಿಲ್ಲ, ಫೋನ್ ಬಂತು. ಹಿಂದೆ ಹತ್ತಾರು ಹುಡುಗಿಯರ ಕೂಗು, "ಸತ್ಯವಂತಮ್ಮಾ! ಸತ್ಯವಂತಮ್ಮಾ!" ಅಂತ. ಆದರೆ ಈ ಸಲ ಉಪ್ಪು ಕೇಳುವ ದನಿಯಲ್ಲ.

"ಒಂದು-ಒಂದು, ಅಕ್ಕಾ! ಡ್ರಾ! ಫೈನಲ್ಲಿಗೆ ಬಂದ್ವಿ!"

"ಒಂದು ಯಾಕೇ ಬಿಟ್ಟೆ?" ಅಂದಳು ಪೆನ್ಸಿಲಕ್ಕ.

ಆಮೇಲೆ ಕೂತು, ಪೆನ್ಸಿಲ್ ಚೂಪು ಮಾಡಿ, ಫೈನಲ್ ಪಂದ್ಯದ ತಾರೀಕನ್ನು ಬರೆದಳು. ಹಗುರವಾಗಿ, ಉಜ್ಜಿದರೆ ಹೋಗುವ ಹಾಗೆ.