ಅವ್ವನ ಕೆನ್ನೆಯೊಳಗಿನ ಹಚ್ಚೆ

ತಂಬಾಕು ತಿಂದು ತಿಂದು ಅವ್ವನ ಎಡಗೆನ್ನೆಯೊಳಗೆ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ಗೊತ್ತಾದಾಗ ನಾನು ಮೊದಲು ಬೈದದ್ದು ಅವಳನ್ನೇ. ಆಮೇಲೆ ಕೊಣ್ಣೂರಿನಿಂದ ದೂರದ ಆಸ್ಪತ್ರೆಗೆ ಕರೆದೊಯ್ದೆ. ಕೆನ್ನೆಯ ಆ ಭಾಗ ಕತ್ತರಿಸಿ, ಮುಂಗೈಯ ಚರ್ಮವನ್ನು ರಕ್ತನಾಳ ಸಮೇತ ತೆಗೆದು ಅಲ್ಲಿ ಹೊಲಿಯುತ್ತೇವೆ ಎಂದರು ಡಾಕ್ಟರು. ಆ ಮುಂಗೈಯ ಮೇಲೆ, ಅವ್ವ ಸಣ್ಣವಳಿದ್ದಾಗ ಅವಳವ್ವ ಹಾಕಿಸಿದ್ದ ಹಸಿರು ಹಚ್ಚೆಯಿತ್ತು, ಒಂದು ತುಳಸಿಕಟ್ಟೆ.

“ಹೋಗ್ಲಿ ಬಿಡ, ಬಾಯಾಗರ ಇರ್ತೈತಲ್ಲ. ಸತ್ತಾಗ ನನ್ನ ಜೋಡಿ ಬರೂದು ಅದೊಂದ,” ಎಂದಳು ಅವ್ವ.

ಆಪರೇಷನ್ ಆದ ಮೇಲೆ ಹೊಸ ಚರ್ಮಕ್ಕೆ ಒಂದು ತೆಳು ವೈರು ಅಂಟಿಸಿದರು. ಅದರ ತುದಿಯ ಬೆಳಕು ಚರ್ಮದೊಳಗೆ ಇಳಿದು, ರಕ್ತ ಹರಿಯುತ್ತಿದೆಯೇ ಎಂದು ನೋಡಿ, ಪಕ್ಕದ ಮಷೀನಿನಲ್ಲಿ ಅಂಕಿ ತೋರಿಸುತ್ತಿತ್ತು. ಮೊದಲ ದಿನವೇ ಅಂಕಿ ಇಳಿಯಿತು. ನಾನು ಕೂಗಿ ಕರೆದೆ. ಡಾಕ್ಟರು ಓಡಿ ಬಂದು ನೋಡಿ ನಕ್ಕರು.

“ವೈರು ಹಚ್ಚಿ ಮ್ಯಾಲ ಸರದೈತ್ರಿ. ಆ ಹಸರ ಬಣ್ಣ ಬೆಳಕ ನುಂಗತೈತಿ.”

ತುಸು ಸರಿಸಿದರು, ಅಂಕಿ ಏರಿತು.

ಅಷ್ಟು ಕಲಿತದ್ದೇ ನನಗೆ ತಲೆಗೇರಿತು. ಅರಭಾವಿಯ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು ನಾನು. ಮಷೀನೆಂದರೆ ನನಗೇ ಗೊತ್ತು ಎಂಬ ಸೊಕ್ಕು ಮೊದಲೇ ಇತ್ತು. ಮರುದಿನ ಮಧ್ಯಾಹ್ನ ಅಂಕಿ ಮತ್ತೆ ಇಳಿಯಿತು. ಆಗಷ್ಟೇ ಡ್ಯೂಟಿಗೆ ಬಂದಿದ್ದ ನರ್ಸ್ ಡಾಕ್ಟರಿಗೆ ಫೋನ್ ಮಾಡಲು ಹೊರಟರು.

“ಏನಿಲ್ರಿ ಸಿಸ್ಟರ್, ಹಚ್ಚಿ ಅದು. ನಿನ್ನೇನೂ ಹಿಂಗ ಆಗಿತ್ತು. ವೈರು ಸರಿಸ್ರಿ ಸಾಕು,” ಎಂದೆ.

ಅವರು ನಂಬಿದರು. ಸರಿಸಿದರು. ಅಂಕಿ ಏರಲಿಲ್ಲ. “ಇನ್ನೊಂಚೂರು ಸರಿಸ್ರಿ,” ಎಂದೆ. ಸರಿಸುತ್ತ ಸರಿಸುತ್ತ ಸಂಜೆಯಾಯಿತು.

ಡಾಕ್ಟರು ರೌಂಡಿಗೆ ಬಂದಾಗ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮತ್ತೆ ಆಪರೇಷನ್ ಮಾಡಿದರೂ ಅದು ಉಳಿಯಲಿಲ್ಲ. ಹಚ್ಚೆಯ ಸಮೇತ ಕತ್ತರಿಸಿ ತೆಗೆದು, ಎದೆಯ ಮಾಂಸ ತಂದು ತುಂಬಿದರು. ಬೇಗ ಕರೆದಿದ್ದರೆ ಉಳಿಯುತ್ತಿತ್ತೇನೋ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎಚ್ಚರಾದ ಅವ್ವನಿಗೆ, “ಹಚ್ಚಿ ಆಜೂಬಾಜೂ ಒಂದೀಟ ರಿಪೇರಿ ಮಾಡ್ಯಾರ,” ಎಂದು ಸುಳ್ಳು ಹೇಳಿದೆ.

ಈಗ ಅವಳ ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತದೆ. ಕನ್ನಡಿ ಹಿಡಿದರೂ ಒಳಗೇನೂ ಕಾಣುವುದಿಲ್ಲ. ಮಾತನಾಡಿಸಲು ಬಂದ ಹೆಂಗಸರಿಗೆ ಬೋಳು ಮುಂಗೈ ತೋರಿಸುತ್ತಾಳೆ. ಆಮೇಲೆ ಕೆನ್ನೆ ಸವರಿಕೊಂಡು, ತೊದಲುತ್ತ ಹೇಳುತ್ತಾಳೆ:

“ನಮ್ಮವ್ವ ಹಾಕಿಸಿದ್ದ ಹಚ್ಚಿ, ಒಳಗ ಐತಿ.”

ಹೇಳಿ ನನ್ನ ಕಡೆ ನೋಡುತ್ತಾಳೆ.

“ಹೂಂ ಅವ್ವ, ಐತಿ,” ಎನ್ನುತ್ತೇನೆ.