ತೆರೆಯಿಲ್ಲದೆ, ಪಂಜಿಲ್ಲದೆ ಬಂದವನು

ಶಾಲೆಯ ನಾಟಕವೆಂದರೆ ವಾರ್ಷಿಕೋತ್ಸವದ ಸಂಜೆ ಹಾರ ತುರಾಯಿಗಳ ನಡುವೆ ಹೇಗೋ ಮುಗಿದುಹೋಗುವ ಗದ್ದಲವೆಂದೇ ಹಾಸನ ಸೀಮೆ ನಂಬಿದ್ದ ಕಾಲದಲ್ಲಿ, ಅದನ್ನೊಂದು ವಿದ್ಯೆಯೆಂದು ಬಗೆದು, ಮಕ್ಕಳ ಬಾಯಲ್ಲಿ ಮಕ್ಕಳಿಗೇ ಅರ್ಥವಾಗುವ ಕನ್ನಡವನ್ನು ಆಡಿಸಿ ತೋರಿಸಿದವರು ಪೂಜ್ಯ ಪಂಡಿತ ಪಂಚಾಕ್ಷರಯ್ಯನವರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಈ ನಾಲ್ಕು ಊರುಗಳಲ್ಲಿ ಕನ್ನಡ ಪಂಡಿತರಾಗಿದ್ದು, ಈ ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಅರಿಯದವರು ಕಡಿಮೆ. ಕಥೆಯಲ್ಲಿ ಯಾರನ್ನು ನಾಯಕನೆನ್ನಬೇಕು, ನಾಯಕನ ಗುಣವೊಂದೂ ಇಲ್ಲದವನು ಕಥೆಯ ನಟ್ಟನಡುವೆ ನಿಂತರೆ ಅವನನ್ನು ಏನೆನ್ನಬೇಕು ಎಂಬ ಪ್ರಶ್ನೆಗೆ ಅವರಷ್ಟು ನಿದ್ದೆಗೆಟ್ಟವರು ನಮ್ಮ ಕಡೆ ಇನ್ನೊಬ್ಬರಿಲ್ಲ. ಆ ನಿದ್ದೆಗೇಡಿಗೆ ಕಾರಣವಿತ್ತು. ಅದನ್ನು ಮುಚ್ಚಿಟ್ಟು ಬರೆದರೆ ಅವರು ಈ ಅಭಿನಂದನ ಗ್ರಂಥವನ್ನು ಕೈಯಲ್ಲೂ ಮುಟ್ಟುವವರಲ್ಲ.

ಮೂವತ್ತೊಂದನೆಯ ಇಸವಿಯಲ್ಲಿ ಹೊಳೆನರಸೀಪುರಕ್ಕೆ ಬಂದಾಗ ಅವರ ತಲೆ ಒಂದು ಕಡೆ, ಕಾಲು ಒಂದು ಕಡೆ. ಹೇಮಾವತಿಯ ದಡದಲ್ಲಿ ಬೆಳಗಿನ ಮಂಜಿನೆದುರು ನಿಂತು, ಅದನ್ನು ಯಾರೋ ಎತ್ತಿ ಹಿಡಿದ ತೆರೆಯೆಂದೂ ಅದರ ಹಿಂದೆ ವೇಷ ಕಟ್ಟಿದವರು ಕಾದಿದ್ದಾರೆಂದೂ ಕಲ್ಪಿಸಿಕೊಂಡು, ಶಾಲೆಯ ಗಂಟೆ ಹೊಡೆದ ಮೇಲೆ ಒದ್ದೆ ಪಂಚೆಯಲ್ಲಿ ಓಡಿ ಬರುತ್ತಿದ್ದರು. ಮಡದಿ ನೀಲಗಂಗಮ್ಮನವರು ಸಂತೆಯಿಂದ ಉಪ್ಪು ತರಲು ಕಳಿಸಿದರೆ ಬರಿಗೈಯಲ್ಲಿ ಬಂದು ಹೊಸದೊಂದು ಪದ ಹಾಡಿ ತೋರಿಸುತ್ತಿದ್ದರು. ಆ ಪುಣ್ಯಾತ್ಗಿತ್ತಿ ಹೇಗೆ ಸಂಸಾರ ತೂಗಿಸಿದರೋ ಶಿವನೇ ಬಲ್ಲ. ತಮ್ಮಯ್ಯನೆಂಬ ತೊದಲುವ ಹುಡುಗ ಹಾಡುವಾಗ ಮಾತ್ರ ತೊದಲುವುದಿಲ್ಲವೆಂದು ಕಂಡುಹಿಡಿದು, ಅವನ ಪಾತ್ರದ ಮಾತನ್ನೆಲ್ಲ ಪದವಾಗಿ ತಿರುಗಿಸಿ, ತಿಂಗಳುಗಟ್ಟಲೆ ಜಗಲಿಯ ಮೇಲೆ ಕೂರಿಸಿ ಕಲಿಸಿದವರೂ ಇವರೇ. ತಮ್ಮಯ್ಯನವರು ಈಗ ವಕೀಲರು. ಮಾತು ನಿಲ್ಲಿಸಿ ಎಂದು ಕೋರ್ಟಿನಲ್ಲಿ ಅವರನ್ನೇ ಬೇಡಿಕೊಳ್ಳಬೇಕಾಗಿದೆ.

ನಮ್ಮ ಕಡೆಯ ಬಯಲಾಟದಲ್ಲಿ ಒಂದು ಕಟ್ಟಳೆಯುಂಟು. ನಾಯಕನಾದವನು ಇಬ್ಬರು ಹಿಡಿದ ತೆರೆಯ ಹಿಂದೆ ನಿಂತು, ಮೊದಲು ಕಿರೀಟ, ಆಮೇಲೆ ಮುಖ ತೋರಿಸುತ್ತ ಗಂಭೀರವಾಗಿ ಬರಬೇಕು. ಖಳನಾದವನು ಜನರ ನಡುವೆ ಅಬ್ಬರಿಸುತ್ತ, ಉರಿಯುವ ಪಂಜಿನ ಮೇಲೆ ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸಿಕೊಂಡು ಬರಬೇಕು. ಮೂವತ್ತೈದರಲ್ಲಿ ಅರಕಲಗೂಡಿನ ಶಾಲೆಯೊಂದರಲ್ಲಿದ್ದಾಗ ಪಂಡಿತರಿಗೆ ಈ ರಾಳದ ಬೆಂಕಿಯ ಹುಚ್ಚು ಹಿಡಿಯಿತು. ನಾಟಕಕ್ಕೆ ಒಂದು ದಿನ ಮುಂಚೆ, ಹೊತ್ತು ಇಳಿಯುವ ವೇಳೆಯಲ್ಲಿ, ಎಲ್ಲರೂ ಹೋದ ಮೇಲೆ ವೇಷಗಳನ್ನಿಟ್ಟಿದ್ದ, ಇನ್ನೂ ಬೀಗ ಹಾಕದಿದ್ದ ಕೋಣೆಯಲ್ಲಿ ಒಬ್ಬರೇ ಪಂಜು ಹೊತ್ತಿಸಿ ರಾಳ ಎರಚಿ ನೋಡಿದರು. ಗೋಡೆಯ ಮೇಲಿನ ಕಿರೀಟಗಳೆಲ್ಲ ಒಮ್ಮೆಗೇ ಕೆಂಪಾಗಿ, ಜೀವ ಬಂದು, ತಮ್ಮ ಕಡೆ ತಿರುಗಿದಂತೆ ಅವರಿಗೆ ಕಂಡಿತಂತೆ. ಪಂಜನ್ನು ಬೂದಿಯಲ್ಲಿ ಹೊಸಕಿ ಆರಿಸಬೇಕು. ಇವರು ಊದಿ, ಆರಿತೆಂದುಕೊಂಡು, ಬಾಗಿಲ ಮೂಲೆಗೆ ಒರಗಿಸಿ, ಆಗ ತಾನೇ ಹೊಳೆದ ಸಾಲೊಂದನ್ನು ಗುನುಗುತ್ತ ಕನಸಿನಲ್ಲೆಂಬಂತೆ ಮನೆಗೆ ನಡೆದರು. ಕೈಕಾಲು ತೊಳೆಯುವಷ್ಟರಲ್ಲಿ ಶಾಲೆಯ ಕಡೆಯಿಂದ ಹೊಗೆ ಏಳುತ್ತಿತ್ತು.

ಸುಟ್ಟುಹೋದ ಆ ಕೋಣೆಯ ಬೀಗದಕೈ ಶಾಲೆಯ ಜವಾನರಾಗಿದ್ದ ಚೆಲುವಯ್ಯನವರ ಹತ್ತಿರ ಇರುತ್ತಿತ್ತು. ಅವರಿಗೆ ಬೀಡಿಯ ಅಭ್ಯಾಸವೂ ಇತ್ತು. ಮೇಲಿನವರಿಗೆ ಅಷ್ಟೇ ಸಾಕಾಯಿತು. ಮಾರನೆಯ ದಿನದ ವಿಚಾರಣೆಯಲ್ಲಿ ಚೆಲುವಯ್ಯನವರು "ನಾನಲ್ಲ ಸಾ, ದೇವ್ರಾಣೆ ನಾನಲ್ಲ" ಎಂದದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ. ವಿಚಾರಣೆಯ ಕೋಣೆಯಲ್ಲೇ, ಅವರಿಂದ ನಾಲ್ಕು ಮಾರು ದೂರದಲ್ಲಿ ಪಂಡಿತರು ಕುಳಿತಿದ್ದರು. ನಾಳೆ ಹೇಳೋಣ ಎಂದುಕೊಂಡರು. ಆ ನಾಳೆ ಬರಲಿಲ್ಲ. ಚೆಲುವಯ್ಯನವರ ಕೆಲಸ ಹೋಯಿತು. ಅವರ ಮಗಳು ಸರಸಮ್ಮ ಅದೇ ಶಾಲೆಯಲ್ಲಿ ಓದುತ್ತಿದ್ದ ಹತ್ತು ವರ್ಷದ ಚುರುಕು ಹುಡುಗಿ. ಕಿಟಕಿಯ ಹೊರಗೆ ನಿಂತೇ ಇಡೀ ನಾಟಕವನ್ನು ಬಾಯಿಪಾಠ ಮಾಡಿದ್ದವಳು. ಬೆಂಕಿ ಇಟ್ಟವನ ಮಗಳೆಂದು ಮಕ್ಕಳು ಕೂಗತೊಡಗಿದ ಮೇಲೆ ಅವಳು ಶಾಲೆಗೆ ಬರುವುದನ್ನು ಬಿಟ್ಟಳು. ಸಂಸಾರ ರಾಮನಾಥಪುರಕ್ಕೆ ಹೋಗಿ, ತಂದೆ ಹೊಗೆಸೊಪ್ಪು ಹದ ಮಾಡುವ ಮನೆಯೊಂದರಲ್ಲಿ ಒಲೆ ಕಾಯುವ ಕೆಲಸಕ್ಕೆ ಸೇರಿದರು.

ಇದಾದ ಮೂರು ವರ್ಷಕ್ಕೆ ಪಂಡಿತರು ಚನ್ನರಾಯಪಟ್ಟಣಕ್ಕೆ ವರ್ಗವಾಗಿ ಬಂದರು. ಹೊರಗಿನವರಿಗೆ ಅವರು ಮೊದಲಿನಂತೆಯೇ ಕಂಡರು. ಒಳಗೆ ಮಾತ್ರ ಆ ಕೆಂಪು ಕೋಣೆ ಆರಲೇ ಇಲ್ಲ. ಶಾಂತಿಗ್ರಾಮದ ಕಡೆಯ ರಸ್ತೆಯಲ್ಲಿ ಸಂಜೆ ನಡೆಯುವಾಗ ಸಾಲುಮರಗಳ ನಡುವೆ ಯಾರೋ ಬೀಗದಕೈ ಗೊಂಚಲು ಅಲ್ಲಾಡಿಸಿಕೊಂಡು ಹಿಂದೆ ಬರುತ್ತಿದ್ದಾರೆಂದು ತಿರುಗಿ ನೋಡುತ್ತಿದ್ದರಂತೆ. ಅಲ್ಲಿಯೇ ಒಂದು ನಾಟಕ ಬರೆಯಲು ಕೂತರು. ಒಬ್ಬ ಮೇಷ್ಟರು, ಅವರ ತಪ್ಪು ಇನ್ನೊಬ್ಬನ ತಲೆಗೆ ಬರುತ್ತದೆ, ಮೇಷ್ಟರು ಕೊನೆಯವರೆಗೂ ಸುಮ್ಮನಿರುತ್ತಾರೆ. ಓದಿ ನೋಡಿದ ಮುಖ್ಯೋಪಾಧ್ಯಾಯ ಈಶ್ವರಯ್ಯನವರು ಮುಖ ಗಂಟಿಕ್ಕಿದರು.

"ಅಲ್ರೀ ಪಂಡಿತರೇ, ಇವನು ನಾಯಕನೋ ಖಳನೋ? ಒಂದು ಹೇಳಿಬಿಡಿ."

"ಖಳನಲ್ಲ ಸ್ವಾಮಿ. ಖಳನಿಗೆ ತಾನು ಮಾಡಿದ್ದೇ ಸರಿ. ಇವನಿಗೆ ಸರಿ ಯಾವುದು ಅಂತ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಮಾಡೋದಿಲ್ಲ."

"ಹಾಗಾದರೆ ಹೆದರುಪುಕ್ಕಲ ಅನ್ನಿ, ಮುಗೀತು."

"ಮುಗಿಯೋದಿಲ್ಲ. ಹೆದರುಪುಕ್ಕಲನ್ನ ನೋಡಿ ನಕ್ಕು ಬಿಟ್ಟುಬಿಡಬಹುದು. ಇವನು ಸಿಕ್ಕಿಬೀಳದಿದ್ದರೆ ಸಾಕಪ್ಪ ಅಂತ ನೋಡೋರಿಗೆ ಅನ್ನಿಸಬೇಕು. ಹಾಗನ್ನಿಸಿತಲ್ಲ ಅಂತ ತಮ್ಮ ಮೇಲೇ ನಾಚಿಕೆ ಆಗಬೇಕು. ಎರಡೂ ಆದರೆ ಮಾತ್ರ ಅವನು ನಾಯಕನಲ್ಲದ ನಾಯಕ."

ಈಶ್ವರಯ್ಯನವರು ಕನ್ನಡಕ ಒರೆಸಿಕೊಂಡು, "ಅದೆಲ್ಲ ಸರಿ, ಅವನನ್ನು ತೆರೆ ಹಿಡಿದು ಕರೀತೀರೋ, ರಾಳ ಎರಚಿ ಕರೀತೀರೋ?" ಎಂದರು. ಪಂಡಿತರು ಹಾಳೆಗಳನ್ನು ಮಡಚಿಕೊಂಡು ಎದ್ದರು. ನಾಟಕ ಮೂರು ವರ್ಷ ಪೆಟ್ಟಿಗೆಯಲ್ಲಿ ಮಲಗಿತು.

ಉತ್ತರ ಸಿಕ್ಕಿದ್ದು ನಲವತ್ತೊಂದರಲ್ಲಿ, ಹಾಸನಕ್ಕೆ ಬಂದ ಮೇಲೆ. ಮಕ್ಕಳನ್ನು ದೊಡ್ಡಗದ್ದವಳ್ಳಿಯ ಗುಡಿಗೆ ಕರೆದುಕೊಂಡು ಹೋಗಿದ್ದಾಗ, ಬಿಸಿಲಿನಿಂದ ಒಳಗೆ ಬಂದ ಎಲ್ಲರೂ ಕಣ್ಣು ಕತ್ತಲಿಟ್ಟು ಕಂಬಗಳ ನಡುವೆ ಸುಮ್ಮನೆ ಕುಳಿತರು. ಯಾರು ಎಲ್ಲಿದ್ದಾರೆಂದು ತಿಳಿಯುವಂತಿರಲಿಲ್ಲ. ಆ ತಂಪಿನಲ್ಲಿ ಪಂಡಿತರಿಗೆ ಜೊಂಪು ಹತ್ತಿತ್ತು. ಆಗ ಅವರ ಪಕ್ಕದಲ್ಲೇ ಕುಳಿತಿದ್ದ ಒಬ್ಬ ಎದ್ದು, ಬಾಗಿಲ ಬೆಳಕಿನ ಕಡೆ ನಡೆದುಹೋದ. ಇಷ್ಟೇ ನಡೆದದ್ದು. ಪಂಡಿತರು ದಡಬಡಿಸಿ ಎದ್ದು, "ಅವನು ಜನರ ಜತೆಗೇ ಕೂತಿರುತ್ತಾನೆ ಕಣ್ರಯ್ಯ! ತೆರೆಯೂ ಬೇಡ, ಪಂಜೂ ಬೇಡ!" ಎಂದು ಕೂಗಿದರು. ಹಾಗೆ ಎದ್ದುಹೋದ ವಿದ್ಯಾರ್ಥಿ ಚನ್ನಬಸವಯ್ಯ, ಅಂದರೆ ಈ ಲೇಖನದ ಕರ್ತೃ. ಮೇಷ್ಟರ ಪಾತ್ರವೂ ಅವನ ಪಾಲಿಗೇ ಬಂತು.

ನಾಟಕಕ್ಕೆ ಎಂಟು ದಿನವಿರುವಾಗ ಪಂಡಿತರು ಬಸ್ಸು ಹತ್ತಿ ರಾಮನಾಥಪುರಕ್ಕೆ ಹೋದರು. ಚೆಲುವಯ್ಯನವರ ಮುಂದೆ ನಿಂತಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಚದುರಿಹೋಗಿ, "ನಾಟಕ ನೋಡಲು ಬನ್ನಿ" ಎಂದಷ್ಟೇ ಹೇಳಿ ಹಿಂದಿರುಗಿದರು. ಚೆಲುವಯ್ಯನವರು ಬಂದರು. ಮುಂದಿನ ಸಾಲಿನಲ್ಲಿ ಅವರ ಪಕ್ಕದಲ್ಲೇ ಚನ್ನಬಸವಯ್ಯನನ್ನು ಕೂರಿಸಲಾಗಿತ್ತು; ಕರೆ ಬಂದಾಗ ಎದ್ದು ರಂಗಕ್ಕೆ ಹತ್ತಿದ. ಮೇಷ್ಟರು ಬಾಯಿ ಬಿಡದೆಯೇ ನಾಟಕ ಮುಗಿಯಿತು. ಚಪ್ಪಾಳೆಯೋ ಚಪ್ಪಾಳೆ. ಹೆಂಗಸರು ಕಣ್ಣೊರೆಸಿಕೊಂಡರು. ಜನ ಕರಗಿದ ಮೇಲೆ ಚೆಲುವಯ್ಯನವರು ಪಂಡಿತರ ಹತ್ತಿರ ಬಂದರು.

"ಚೆಂದಾಗಿತ್ತು ಸಾ. ಆ ಮೇಷ್ಟ್ರುನ್ನ ನೋಡಿ ನಂಗೇ ಅಯ್ಯೋ ಅನ್ನಿಸ್ಬುಡ್ತು. ಅವತ್ತು ನೀವು ಪಂಜು ಇಡ್ಕಂಡು ನಿಂತಿದ್ದುನ್ನ ನಾನು ಕಿಟಕೀಲಿ ನೋಡಿದ್ದೆ ಸಾ."

ಪಂಡಿತರು ಕೈಯಲ್ಲಿದ್ದ ಹಾರವನ್ನು ಕೆಳಗಿಟ್ಟರು. "ಮತ್ತೆ ಯಾಕೆ ಹೇಳಲಿಲ್ಲ ಚೆಲುವಯ್ಯ?"

"ಜವಾನನ ಮಾತು ಯಾರು ಕೇಳ್ತಾರೆ ಸಾ? ನೀವೇ ಯೋಳ್ತೀರಿ ಅಂತ ಕಾದೆ. ಈಗ ಆಟದಾಗೆ ಯೋಳುದ್ರಿ. ನೋಡ್ದೋರು ಚಪ್ಪಾಳೆ ತಟ್ಟಿ ಮನೆಗೋದ್ರು. ಅರಕಲಗೂಡ್ನಾಗೆ ನನ್ನ ಎಸ್ರು ಅಂಗೇ ಅದೆ."

ಅವರು ಕೋಪದಿಂದ ಆಡಿದ ಮಾತಲ್ಲ ಅದು. ಹಾಗಾಗಿಯೇ ಪಂಡಿತರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ನಾಯಕನಲ್ಲದ ನಾಯಕನ ಮೇಲೆ ಜನ ಮರುಗುವಂತೆ ಮಾಡಿ ತಾವು ಅಷ್ಟೂ ಮರುಕವನ್ನು ತಮಗೇ ಗಿಟ್ಟಿಸಿಕೊಂಡೆವೆಂದು ಪಂಡಿತರಿಗೆ ಆ ಸಂಜೆ ಗೊತ್ತಾಯಿತು. ಮಾರನೆಯ ದಿನವೇ ಇಲಾಖೆಗೆ ಕಾಗದ ಬರೆದರು. ಮುಂದಿನ ಸೋಮವಾರ ಅರಕಲಗೂಡಿನ ಅದೇ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಹೋಗಿ, ಚೆಲುವಯ್ಯನವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಬೆಂಕಿಗೆ ಕಾರಣ ನಾನು. ಗೊತ್ತಿದ್ದೂ ಇವರನ್ನು ಬಲಿಕೊಟ್ಟೆ" ಎಂದು ಮಕ್ಕಳೆದುರಿಗೆ, ಊರವರೆದುರಿಗೆ ಹೇಳಿದರು. ಒಂದು ಪದ್ಯವಿಲ್ಲ, ಒಂದು ಉಪಮೆಯಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೈಗೆ ಬಂದಿದ್ದ ಮುಖ್ಯೋಪಾಧ್ಯಾಯರ ಹುದ್ದೆ ಬೇರೆಯವರಿಗೆ ಹೋಯಿತು. ಇವರು ಪಂಡಿತರಾಗಿಯೇ ಉಳಿದರು. ಚೆಲುವಯ್ಯನವರನ್ನು ಕೆಲಸಕ್ಕೆ ಮತ್ತೆ ಕರೆದರೆ, ಸಾಕು ಬುಡಿ ಎಂದರು. ಸರಸಮ್ಮ ಆ ದಿನ ಬರಲಿಲ್ಲ. ಅವಳಿಗೆ ಹದಿನಾರಾಗಿತ್ತು, ಮದುವೆಯಾಗಿತ್ತು.

ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಚೆಲುವಯ್ಯನವರ ಮನೆಯವರಿಗೆ ಓದಿ ಹೇಳಬೇಕೆಂಬುದು ಪಂಡಿತರ ಆಜ್ಞೆ. ಹೋದ ತಿಂಗಳು ರಾಮನಾಥಪುರದಲ್ಲಿ ಓದಿದ್ದಾಯಿತು. ಚೆಲುವಯ್ಯನವರು ಕಣ್ಣು ಮುಚ್ಚಿ ಕೇಳಿ, "ದಿಟ" ಎಂದರು. ಮಗಳು ಮುದ್ದಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಸರಸಮ್ಮನವರು, ಕೊನೆಯಲ್ಲಿ ಏನು ಬರೆಯುತ್ತೀರೆಂದು ಕೇಳಿದರು. ಇಂಥ ಲೇಖನಗಳಲ್ಲಿ ಹಿರಿಯರಿಗೆ ಆಯಸ್ಸು ಕೋರುವುದು ರೂಢಿಯೆಂದು ಉತ್ತರ ಕೊಟ್ಟದ್ದಾಯಿತು. ಅವರು ಮಗುವನ್ನು ಇಳಿಸಿ, ಮುಂದೆ ನಿಲ್ಲಿಸಿಕೊಂಡರು.

"ನಂಗೆ ಇಸ್ಕೂಲು ತಪ್ಪೋಯ್ತು. ಅದ ಯಾರೂ ತಂದ್ಕೊಡಾಕಾಗಾಕಿಲ್ಲ. ನನ್ ಮಗೀಗೆ ಈಗ ಐದು ವರ್ಸ. ಮೇಷ್ಟ್ರು ಇಲ್ಲಿಗೇ ಬಂದು ಅದ್ಕೆ ಓದ್ಸಲಿ. ಅದು ಓದಿ ತಾನೂ ಮೇಷ್ಟ್ರಾಗಗಂಟ ಅವ್ರು ಸಾಯಂಗಿಲ್ಲ ಅಂತ ಬರ್ಕಳಿ."

ಅವರು ಹೇಳಿದಂತೆಯೇ ಬರೆದಿದೆ. ಪಂಚಾಕ್ಷರಯ್ಯನವರು ಮುಂದಿನ ತಿಂಗಳು ರಾಮನಾಥಪುರದಲ್ಲಿ ಮನೆ ಹಿಡಿಯುತ್ತಿದ್ದಾರೆ.